ಎಸೆದ ಲಾವಂಚ

ಕೊಣ್ಣೂರ, ಶುಕ್ರವಾರ

ಗುರುಪಾದ ಕಾಕಾ ಅವರಿಗೆ ಶರಣು.

ನೀವು ಮಾತು ಬಿಟ್ಟಿದ್ದರಿಂದ ಬರೆಯುತ್ತಿದ್ದೇನೆ. ನಮ್ಮಿಬ್ಬರ ಹೊಲಗಳ ನಡುವಿನ ಬದುವಿಗೆ, ಮಣ್ಣು ಹಿಡಿದು ನಿಲ್ಲಲೆಂದು, ಹೋದ ವರ್ಷ ನಾನು ಲಾವಂಚ ಹಚ್ಚಿದ್ದೆ. "ಇದೂ ಕರಿಕಿಹಂಗ ಕಬ್ಬಿನ್ಯಾಗ ಹಬ್ಬತೈತಿ" ಎಂದು ನೀವು ಕಿತ್ತು ಹಳ್ಳದ ದಂಡೆಗೆ ಎಸೆದಿರಿ. ಇದು ಹಬ್ಬುವ ಹುಲ್ಲಲ್ಲ, ಬೇರು ನೆಟ್ಟಗೆ ಕೆಳಗಿಳಿಯುತ್ತದೆ ಎಂದರೂ ಕೇಳಲಿಲ್ಲ.

ಈ ಮಳೆಗೆ ಬದು ಒಡೆದು ಇಬ್ಬರ ಮಣ್ಣೂ ಹೋಯಿತು. ನಿನ್ನೆ ಹಳ್ಳಕ್ಕೆ ಹೋಗಿದ್ದೆ. ದಂಡೆಯೆಲ್ಲ ಕುಸಿದಿದೆ. ನೀವು ಎಸೆದ ಲಾವಂಚ ಬೇರು ಬಿಟ್ಟ ಕಡೆ ಮಾತ್ರ ನಿಂತಿದೆ. ನಿಮ್ಮ ಪಂಪ್‌ಸೆಟ್ ಇರುವುದೂ ಅಲ್ಲೇ.

ಅರ್ಧ ಬುಡ ಮಾತ್ರ ಕಿತ್ತು ತರುತ್ತೇನೆ; ಉಳಿದದ್ದು ನಿಮ್ಮ ದಂಡೆಗಿರಲಿ. ಭಾನುವಾರ ಬದುವಿಗೆ ಮತ್ತೆ ಹಚ್ಚುತ್ತೇನೆ. ನೀವು ಬಾರದಿದ್ದರೂ ಹಚ್ಚುವವಳೇ. ಆದರೆ ಸಾಲು ನೆಟ್ಟಗಾಗಲು ಹಗ್ಗದ ಇನ್ನೊಂದು ತುದಿಯನ್ನು ನಿಮ್ಮ ಹೊಲದ ಕಡೆಯಿಂದ ಯಾರಾದರೂ ಹಿಡಿಯಬೇಕು.

ನಿಮ್ಮ ಅಣ್ಣನ ಮಗಳು,
ನೇತ್ರಾ