ಟವೆಲ್ ಕೆಳಗಿನ ಕೈ

ಅಕ್ಕೂರು
೧೩-೧-೨೦೨೫, ಸೋಮವಾರ

ಅಪ್ಪನಿಗೆ,

ಇಲ್ಲ. ನಿನ್ನ ಮರ್ಯಾದೆ ತೆಗೆಯಬೇಕು ಅಂತ ನಾನು ಬಾಯಿ ಬಿಟ್ಟದ್ದಲ್ಲ. ನಿನ್ನೆ ಸಂಜೆಯಿಂದ ನೀನೊಬ್ಬನೇ ಕೂಗಾಡುತ್ತಿದ್ದೀಯ, ನನಗೆ ಒಂದು ಮಾತಾಡಲೂ ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಅಕ್ಷರ ಇದು. ಓದಲು ಆಗದಿದ್ದರೆ ತಂಗಿ ಹತ್ತಿರ ಓದಿಸಿಕೋ.

ಮೋಟಾರ್ ಬೋಟು ಬೇಕೆಂದು ಹಠ ಹಿಡಿದವನು ನೀನು. ಹಿನ್ನೀರಿನ ಆ ದಡದ ತೋಟದಿಂದ ಹಿಪ್ಪುನೇರಳೆ ಸೊಪ್ಪು ತರಲು ತೆಪ್ಪ ಸಾಕು ಅಂತ ಅವ್ವ ಬೈದಳು. "ಈ ವಯಸ್ಸಲ್ಲಿ ಶೋಕಿ ನೋಡು ಇವ್ರಿಗೆ" ಅಂದಳು. ನೀನು ನಕ್ಕುಬಿಟ್ಟೆ. ಹೋದ ವರ್ಷ ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದದ್ದು, ನಿನ್ನ ಬಲಗೈ ಬೆರಳುಗಳಿಗೆ ಏನೂ ಗೊತ್ತಾಗದೆ ಹೋದದ್ದು, ತೆಪ್ಪದ ಹುಟ್ಟು ಹಿಡಿಯಲು ಆಗದೆ ಹೋದದ್ದು ನಮ್ಮಿಬ್ಬರಿಗೇ ಗೊತ್ತಿತ್ತು. "ನಿಮ್ಮವ್ವನ ಆಣೆ ಕಣ್ಲಾ, ಯಾರ್ಗೂ ಹೇಳ್ಬ್ಯಾಡ" ಅಂತ ನೀನೇ ಹೇಳಿದ್ದೆ. ಹೇಳಲಿಲ್ಲ.

ಬೆಂಗಳೂರಿನ ಅಂಗಡಿಯಲ್ಲಿ ರೇಟು ಕೇಳಿ ವಾಪಸ್ ಬಂದೆವು. ಕನಕಪುರದಲ್ಲಿ ಸಿಕ್ಕಿದ್ದಕ್ಕೆ ಇಂಜಿನ್ನೇ ಇರಲಿಲ್ಲ. ಕೊನೆಗೆ ಚನ್ನಪಟ್ಟಣದ ಶುಕೂರ್ ಸಾಬರ ಷೆಡ್ಡು. ಹೊಸ ಬೋಟು, ನೀಲಿ ಬಣ್ಣ, ಮನೆಯವರೆಲ್ಲ ಕೂರುವಷ್ಟು ಜಾಗ. ಎತ್ತಿನ ಮೂತಿ ಸವರಿದ ಹಾಗೆ ನೀನು ಅದನ್ನು ಸವರಿದೆ.

ಬಾಯಲ್ಲಿ ರೇಟು ಮಾತಾಡಿದ್ದರೆ ಏನಾಗುತ್ತಿತ್ತು ಅಪ್ಪ? ಆದರೆ ನೀನೂ ಸಾಬರೂ ದನದ ಸಂತೆಯ ಹಳೇ ದಲ್ಲಾಳಿಗಳು. "ಬಾ ಬೋರಣ್ಣ, ಹಾಕು ಟವೆಲ್ಲು" ಅಂದರು ಅವರು. ಟವೆಲ್ ಕೆಳಗೆ ಎದುರಿನವನ ಬೆರಳು ಎಷ್ಟು ಹಿಡಿದರೆ ಅಷ್ಟು ಲಕ್ಷ. ಹಿಡಿದ ಮೇಲೆ ಮುಗಿಯಿತು, ಮಾತು ತಿರುಗಿಸುವ ಹಾಗಿಲ್ಲ.

ನಮ್ಮ ಹತ್ತಿರ ಇದ್ದದ್ದು ಮೂರೇ ಲಕ್ಷ. ಟವೆಲ್ ಒಸಿ ಜಾರಿತು. ನೀನು ನಾಲ್ಕು ಬೆರಳು ಹಿಡಿದು ನಗುತ್ತಾ ನಿಂತಿದ್ದೆ. ನಿನಗೆ ಗೊತ್ತೇ ಆಗಿರಲಿಲ್ಲ. ತೋಟ ಮಾರಬೇಕಾಗುತ್ತದೆ ಅಂತ ಹೆದರಿ ಕಿರುಚಿಬಿಟ್ಟೆ: "ನಾಲ್ಕಲ್ಲ ಸಾಬ್ರೆ, ನಮ್ಮಪ್ಪನ್ ಬೆರಳು ಸತ್ತೋಗವೆ!"

ಅಲ್ಲಿದ್ದವನೊಬ್ಬ, "ಬೋರಣ್ಣನ ಕೈಗೇ ಲಕ್ವ ಹೊಡೀತಾ?" ಅಂತ ನಕ್ಕ. ನೀನು ಟವೆಲ್ ಎಳೆದುಕೊಂಡು ನಡೆದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಮನೆಗೆ ಬಂದವನೇ ಅವ್ವನ ಮುಂದೆ, "ಇವ್ನು ನನ್ ಮಗನೇ ಅಲ್ಲ" ಅಂದೆಯಲ್ಲ. ವಿಷಯ ತಿಳಿದು ಅವ್ವ ನಿನ್ನ ಕೈ ಹಿಡಿದುಕೊಂಡು ಅಳುತ್ತಿದ್ದಳು. ನೀನು ನನ್ನನ್ನೇ ಗುರಾಯಿಸುತ್ತಿದ್ದೆ. ಅವಳ ಕಣ್ಣೀರು ಬೆರಳ ಮೇಲೆ ಬಿದ್ದದ್ದೂ ನಿನಗೆ ಗೊತ್ತಾಗಲಿಲ್ಲ.

ಒಂದು ವರ್ಷ ಯಾರಿಗೂ ಕಾಣದ ಹಾಗೆ ನಿನ್ನ ಶರ್ಟಿನ ಗುಂಡಿ ಹಾಕಿದ್ದೇನೆ. ಮಗ ಅಲ್ಲದವನು ಹಾಕುತ್ತಾನಾ?

ಸಾತನೂರಿಗೆ ಹೋಗುತ್ತಿದ್ದೇನೆ, ನನ್ನ ಗೆಳೆಯ ಅನೀಸನ ಗ್ಯಾರೇಜಿಗೆ. ಹುಡುಕಿಕೊಂಡು ಬರಬೇಡ. ನೀನು ಪಡಸಾಲೆಯಲ್ಲಿ ಕಣ್ಣು ಮುಚ್ಚಿಕೊಂಡು ಎಚ್ಚರವಾಗೇ ಇದ್ದೀಯ, ಗೊತ್ತು. ಮೆತ್ತಗೆ ಹೋಗುವವನಲ್ಲ ನಾನು. ಬಾಗಿಲು ಧಡಾರ್ ಅಂತ ಹಾಕಿಯೇ ಹೋಗುತ್ತೇನೆ. ಕಿವಿ ಇನ್ನೂ ನೆಟ್ಟಗಿದೆಯಲ್ಲ, ಕೇಳಿಸಿಕೋ.

ನಿನ್ನ ಮಗನಲ್ಲದ
ಲೋಕೇಶ

ತಾ.ಕ.: ಇವತ್ತು ಬೆಳಿಗ್ಗೆ ಶುಕೂರ್ ಸಾಬರು ಫೋನ್ ಮಾಡಿದ್ದರು. ನೀನು ಮುಟ್ಟಿದ ತಕ್ಷಣ ನಿನ್ನ ಕೈ ಸರಿಯಿಲ್ಲ ಅಂತ ಅವರಿಗೆ ತಿಳಿದಿತ್ತಂತೆ. "ಬೋರಣ್ಣನ ಹಿಡಿತ ನನಗ್ ಗೊತ್ತಿಲ್ವಾ? ಮೂರು ಅಂತಾನೇ ಹೇಳಿ ಬೋಟು ಕೊಟ್ಬುಡ್ತಿದ್ದೆ. ನೀನ್ಯಾಕ್ ಬೇಟಾ ಬಾಯ್ ಬುಟ್ಟೆ?" ಅಂದರು. ಇದನ್ನು ನಿನ್ನ ಎದುರು ನಿಂತು ಹೇಳಲು ನನ್ನಿಂದ ಆಗಲಿಲ್ಲ ಅಪ್ಪ.