ಪೊಟ್ಟಣದ ಮೇಲಿನ ಹೆಸರು

ಬೇಗಂ ಬಜಾರ್, ಹೈದರಾಬಾದ್
3 ಮಾರ್ಚ್ 2024

ಪ್ರೀತಿಯ ಅಹಲ್ಯಾ,

‘ಪ್ರೀತಿಯ’ ಬೇಡವಾದರೆ ಹೊಡೆದುಹಾಕು, ಉಳಿದದ್ದನ್ನು ಓದು.

ಗಂಡನಾದ ನನ್ನ ಬಿರುಸು ಬಾಯಿ ತಾಳಲಾರದೆ ನೀನು ಬೇಗಂಪೇಟೆಯ ನಿನ್ನ ತಂಗಿಯ ಮನೆ ಸೇರಿ ವರ್ಷವಾಯಿತು. ಈಗ ನಮ್ಮ ಅಂಗಡಿಯ ಶೇಂಗಾ ಹಿಂಡಿ ಚಟ್ನಿಪುಡಿಯ ಪೊಟ್ಟಣದ ಮೇಲಿಂದ ನಿನ್ನ ಹೆಸರನ್ನೂ ತೆಗೆಯಬೇಕೆಂದು ನಿನ್ನ ತಮ್ಮ ಭರತನ ಕೈಲಿ ಹೇಳಿ ಕಳಿಸಿದ್ದೀ. ಯುಗಾದಿಯ ಗಡುವು ಬೇರೆ. ಅಂದಿನಿಂದ ಕುಳಿತರೆ ಏಳಬೇಕು, ಎದ್ದರೆ ಕೂಡಬೇಕು ಅನ್ನಿಸುತ್ತದೆ. ಒರೆಸಿದ ತಕ್ಕಡಿಯನ್ನೇ ಒರೆಸುತ್ತಿದ್ದೇನೆ.

‘ಕೇದಾರ ಹಿಂಡಿ’ ಎಂದು ಅಚ್ಚು ಹಾಕಿಸಿಯೂ ನೋಡಿದೆ. ಕಿರಾಣಿಯವರು ಪೊಟ್ಟಣ ತಿರುವಿ, ಈ ಕೇದಾರ ಯಾರ್ರಿ, ನಮಗ ಅಹಲ್ಯಾಬಾಯಾರ್ದೇ ಕೊಡ್ರಿ ಅಂದರು. ಹುರಿದವಳು ನೀನು, ಬೀದಿ ಬೀದಿ ಹೊತ್ತು ಮಾರಿದವನು ನಾನು. ಹೊತ್ತವನ ನೆನಪು ಯಾರಿಗೂ ಇಲ್ಲ.

ಪಕ್ಕದ ಹಿತ್ತಾಳೆ ಅಂಗಡಿಯ ಹನುಮಂತ, ಹಳೆಯ ನಾಣ್ಯಗಳ ಹುಚ್ಚಿನವ, ನಿನ್ನೆ ಒಂದು ಬಿಲ್ಲೆ ತೋರಿಸಿದ. ನಾಲ್ಕಾಣೆಯಷ್ಟಗಲ, ಎಲೆಯಷ್ಟು ತೆಳು, ಮಸಿಯ ಬಣ್ಣ. ಏಳೆಂಟುನೂರು ವರ್ಷದ ಹಿಂದೆ ಫ್ರಾನ್ಸಿನ ಯಾವನೋ ಸಣ್ಣ ಜಹಗೀರುದಾರ ಹೊಡೆಸಿದ್ದಂತೆ. ಆದರೆ ಅದರ ಮೇಲಿರುವುದು ಅವನ ಹೆಸರಲ್ಲ, ಅವನಿಗಿಂತ ನೂರು ವರ್ಷ ಮೊದಲೇ ಸತ್ತ ಧಣಿಯದು. ಯಾಕೆಂದು ಕೇಳಿದೆ. ಸಂತ್ಯಾಗ ಮಂದಿ ಹಳೇ ಹೆಸರು ನೋಡೇ ತಗೋತಿದ್ರು, ಹೊಸಾದು ಹೊಡದ್ರ ಇವನ ರೊಕ್ಕ ಯಾರ್ ಮುಟ್ಟತಿದ್ರು ಅಂದ. ನಿನ್ನಂಗ ಶಾಣ್ಯಾ ಇದ್ದ ನೋಡು ಎಂದು ಚುಚ್ಚಿಯೂ ಚುಚ್ಚಿದ.

ಊರು ಆಳುವವನೇ ಇನ್ನೊಬ್ಬರ ಹೆಸರಲ್ಲಿ ಬದುಕಿದ್ದ ಮೇಲೆ ನನ್ನದೇನು ಹೆಚ್ಚುಗಾರಿಕೆ? ಅವನಿಗೆ ಹೆಸರಿನವನನ್ನು ಕೇಳುವ ಅನುಕೂಲವಿರಲಿಲ್ಲ. ನೀನು ಗಟ್ಟಿಮುಟ್ಟಾಗಿ ಇದ್ದೀ, ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಹೆಸರು ಇರಲಿ ಬಿಡು. ಅದೂ ಹೋದರೆ ಅಂಗಡಿಯಲ್ಲಿ ನಿನ್ನದೆಂಬುದು ಏನೂ ಉಳಿಯುವುದಿಲ್ಲ.

ಬಾಲಾನಗರದ ಗುರುದೇವಿಯವರು ಮೊನ್ನೆ ಹಿಂಡಿ ಒಯ್ಯಲು ಬಂದು ನಿನ್ನನ್ನು ಕೇಳಿದರು. ಅಹಲ್ಯಾ ಆರಾಮ ಅದಾಳೇನ್ರಿ, ಯಾಕೋ ಅಕಿ ಕೈರುಚಿ ಬ್ಯಾರೆ ಆಗೇತಿ ಅನಸ್ತೈತಿ ಅಂದರು. ಈ ವರ್ಷದ ಶೇಂಗಾನೇ ಹಾಗೆ ಎಂದು ನಕ್ಕು ಸಾಗಹಾಕಿದೆ.

ನಿನ್ನ ಹೆಸರಿನ ನೆರಳಲ್ಲಿ ಕುಳಿತಿರುವ,
ಕೇದಾರ

ತಾ.ಕ.: ಹನುಮಂತ ಹೇಳಿದ್ದರಲ್ಲಿ ಅರ್ಧ ಮಾತ್ರ ಬರೆದೆ. ಬಿಲ್ಲೆಯ ಮೇಲೆ ಹೆಸರು ಹಾಗೇ ಉಳಿಯಿತಂತೆ. ಒಳಗಿನ ಬೆಳ್ಳಿ ಮಾತ್ರ ತಲೆಮಾರಿಗಿಷ್ಟು ಇಳಿದು ತಾಮ್ರ ಏರಿತಂತೆ. ನೀನು ಹೋದಮೇಲೆ ನಾನು ಶೇಂಗಾಕ್ಕೆ ಅಗ್ಗದ ಪುಟಾಣಿ, ಅದೇ ಹುರಿಗಡಲೆ, ಬೆರೆಸುತ್ತಿದ್ದೇನೆ. ಒಂದು ಪೊಟ್ಟಣ ಇದರ ಜೊತೆ ಇಟ್ಟಿದ್ದೇನೆ. ನಾಲಿಗೆಗೆ ಹಚ್ಚಿ ನೋಡು. ಆಮೇಲೆಯೂ ಹೆಸರು ತೆಗೆ ಅಂದರೆ ಅಂದೇ ತೆಗೆಯುತ್ತೇನೆ. ಸಿಟ್ಟು ಬದಿಗಿಟ್ಟು, ರುಚಿ ನೋಡಿ ಹೇಳು.