ಮೊಳೆಯಿಲ್ಲದ ಟೈರುಗಳು

ನವೆಂಬರ್ 3, ಬೆಳಗಿನ ಜಾವ 3.50

ಮಂಜುಗಡ್ಡೆಯ ಮೇಲೆ ಜಾರದಿರಲೆಂದು ಟೈರಿಗೆ ಕೂರಿಸಿದ ಮೊಳೆಗಳ ಸದ್ದಿಗೆ ಎಚ್ಚರವಾಯಿತು. ಇನ್ನೂ ಹಿಮ ಬಿದ್ದಿಲ್ಲ, ಬರೀ ಡಾಂಬರಿನ ಮೇಲೆ ಕರಕರ… ಯಾರೋ ಹಲ್ಲು ಕಡಿದ ಹಾಗೆ. ಸಾಂತೆರಿ ಹೊರಟ. ರಜೆಯ ಮೇಲೆ ಹೋದ ರೈತರ ಹಸುಗಳ ಹಾಲು ಕರೆಯುವ ಕೆಲಸ ಹಿಡಿದ ಗಂಡ — ಭಾನುವಾರವೂ ಬಿಡುವಿಲ್ಲ. ಕಾರು ತಿರುವು ದಾಟುವುದರೊಳಗೆ ಪಿಹ್ಲಾ ಎದ್ದಳು. ಏಳು ತಿಂಗಳ ಕೂಸಿಗೆ ಎಂಥ ಕಿವಿ. ಆರರವರೆಗೆ ಎತ್ತಿಕೊಂಡು ಓಡಾಟ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನಿನ್ನೆ ಅವನು ಸ್ಟೇರಿಂಗ್ ಹಿಡಿದೇ ತೂಕಡಿಸಿದನಂತೆ.

ನವೆಂಬರ್ 8

ಕಯಾನಿ ಪಟ್ಟಣದ ಟೈರ್ ಅಂಗಡಿ. ಹಳೆಯದರ ಮೊಳೆ ಅರ್ಧ ಉದುರಿವೆ, ಹೊಸದು ಹೇಗೂ ಬೇಕು. ಮೊಳೆಯದೋ, ಮೊಳೆಯಿಲ್ಲದ ಮೆತ್ತನೆ ರಬ್ಬರಿನದೋ? ಮೆತ್ತನೆಯದಕ್ಕೆ ಸದ್ದಿಲ್ಲ, ಹಿಮದಲ್ಲಿ ಹಿಡಿತವೂ ಇದೆ. ಒದ್ದೆ ಮಂಜುಗಡ್ಡೆಯ ಮೇಲೆ ಮಾತ್ರ ಮೊಳೆಯದೇ ವಾಸಿ. ಎಲ್ಲ ಓದಿಕೊಂಡೇ ಹೋಗಿದ್ದೆ.

ಮಾವ ರೇಯೊ ಜೊತೆಗಿದ್ದರು. ನಲವತ್ತು ವರ್ಷ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದವರು.

“ಇದೇನಮ್ಮ, ಉಣ್ಣೆ ಕಾಲುಚೀಲ ಹಾಕ್ಕೊಂಡು ಹೆಪ್ಪುಗಟ್ಟಿದ ಕೆರೆ ಮೇಲೆ ಓಡ್ದಂಗೆ.”

“ಮಗು ಮಲಗ್ಬೇಕು ಮಾವ.”

“ಮಗೂಗೆ ಅಪ್ಪ ಬೇಡ್ವಾ?”

ಸಾಂತೆರಿ ನಕ್ಕ. “ಸುಮ್ನಿರಪ್ಪ. ಇವ್ಳು ಮಲಗಿದ್ರೆ ನಾನೂ ಬದುಕ್ತೀನಿ.”

“ಸರಿ, ಮಳೆ ಬಂದ ದಿನ ನನ್ ವ್ಯಾನ್ ತಗೊಂಡು ಹೋಗು. ಮೊಳೆ ಇದೆ ಅದಕ್ಕೆ. ಅಂಗಳದಲ್ಲೇ ನಿಂತಿರುತ್ತಲ್ಲ.”

ಮೆತ್ತನೆಯದನ್ನೇ ಆರಿಸಿದೆ. ನಾನೇ.

ನವೆಂಬರ್ 10

ಅವನು ಹೋದದ್ದೇ ಗೊತ್ತಾಗಲಿಲ್ಲ. ಪಿಹ್ಲಾ ಏಳರವರೆಗೆ ಮಲಗಿದಳು! ನಾನು ಮಾತ್ರ 3.50ಕ್ಕೆ ಎದ್ದು ಕೂತೆ — ಸದ್ದು ಯಾಕಿಲ್ಲ ಎಂದು.

ಡಿಸೆಂಬರ್ 14, 4.05

ಕಿಟಕಿಗೆ ಮಳೆ. ಹೊರಗೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜು. ಹಲ್ಲು ಬರುವ ಜ್ವರದಲ್ಲಿ ರಾತ್ರಿಯಿಡೀ ಅತ್ತ ಪಿಹ್ಲಾ ಆಗಷ್ಟೇ ಹೆಗಲ ಮೇಲೆ ಮಲಗಿದ್ದಳು. ಬಾಗಿಲಲ್ಲಿ ಸಾಂತೆರಿ, ಪಿಸುದನಿ: “ಅಪ್ಪನ ವ್ಯಾನ್ ತಗೊಳ್ಲಾ?”

ಆ ಡೀಸೆಲ್ ಎಂಜಿನ್ ಊರನ್ನೇ ಎಬ್ಬಿಸುತ್ತದೆ. ತುಟಿಗೆ ಬೆರಳಿಟ್ಟು, ಬೇಡ ಎಂದು ತಲೆಯಾಡಿಸಿದೆ.

ಕಾರಿನ ಕೀಲಿ ತೆಗೆದುಕೊಂಡ.

6.20

ಇವತ್ತು ಅವನು ಹಾಲು ಕರೆಯಬೇಕಿದ್ದ ಹಸುಗಳ ಮನೆಯ ಮುದುಕಿಯ ಫೋನ್. “ಕೆಚ್ಚಲು ಬಿಗ್ದು ಕೂಗ್ತಿವೆ ಕಣಮ್ಮ. ನಿನ್ ಗಂಡ ಇನ್ನೂ ಎದ್ದಿಲ್ವಾ?”

ಇಪ್ಪತ್ತೆರಡು ಕಿಲೋಮೀಟರ್ ದಾರಿ. ಅವನ ಫೋನ್ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಹದಿನೇಳು ಸಲ. ತುರ್ತು ಸೇವೆಗೆ ಹೇಳಿದೆ. ಆಂಬುಲೆನ್ಸುಗಳೂ ಜಾರುತ್ತಿವೆ, ತಡವಾಗುತ್ತದೆ ಎಂದರು.

6.40

ಮಾವ ವ್ಯಾನ್ ಸ್ಟಾರ್ಟ್ ಮಾಡಿದ್ದಾರೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಮಗೂನ ಬೆಚ್ಚಗೆ ಸುತ್ಕೊ, ಬಾ” ಎಂದರು, ಅಷ್ಟೆ.

ಕೆರೆ ಪಕ್ಕದ ದಾರಿಯಲ್ಲಿ ಹುಡುಕುತ್ತೇವೆ. ಸಾಂತೆರಿ, ನೀನು ಕಾರು ಬಿಟ್ಟು ಕಾಡಿನ ದಾರಿಯಲ್ಲಿ ನಡೆದು ಬರುತ್ತಿರಬಹುದು. ಅದಕ್ಕೇ ಈ ಪುಸ್ತಕ ಅಡುಗೆಮನೆ ಮೇಜಿನ ಮೇಲೆ ತೆರೆದಿಟ್ಟಿದ್ದೇನೆ. ಯಾರಿಗೂ ತೋರಿಸಿದ್ದಲ್ಲ ಇದು. ಹಿಂದಿನ ಪುಟ ಆಮೇಲೆ ಓದು, ಬೈಯುವುದಿದ್ದರೆ ಬೈ. ಮೊದಲು ಫೋನ್ ಮಾಡು. ಈ ಉತ್ತರದ ಚಳಿಗಾಲದಲ್ಲಿ ಬೆಳಕಾಗಲು ಇನ್ನೂ ಮೂರು ಗಂಟೆ. ಅಷ್ಟು ಹೊತ್ತು ನನ್ನಿಂದಾಗುವುದಿಲ್ಲ. ನನ್ನದು ಸಿಗದಿದ್ದರೆ ನಿನ್ನಪ್ಪನದಕ್ಕೆ ಮಾಡು… ಮಾತಾಡಲೂ ಬೇಡ, ರಿಂಗ್ ಕೊಟ್ಟರೆ ಸಾಕು — ದಮ್ಮಯ್ಯ, ಬೆಳಗಾಗುವ ಮುಂಚೆ ಒಂದೇ ಒಂದು ಸಲ